ರಾಕೆಟ್ ಕಂಪನಿಯದು, ಹೊಣೆ ಸರಕಾರದ್ದು: ಬಾಹ್ಯಾಕಾಶದಲ್ಲಿ ಖಾಸಗಿಯವರ ಪಾಲು ಎಷ್ಟು, ಹೇಗೆ

2025ರ ಜೂನ್ 25ರಂದು ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಫ್ಲೋರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ಕಕ್ಷೆಗೆ ಹೊರಟರು. ಅವರನ್ನು ಕಳುಹಿಸಿದ್ದು ಇಸ್ರೊ. ಯಾನವನ್ನು ಏರ್ಪಡಿಸಿದ್ದು ಹ್ಯೂಸ್ಟನ್ನಿನ ಆಕ್ಸಿಯಮ್ ಸ್ಪೇಸ್ ಎಂಬ ಖಾಸಗಿ ಕಂಪನಿ. ರಾಕೆಟ್ಟೂ ನೌಕೆಯೂ ಸ್ಪೇಸ್‌ಎಕ್ಸ್ ಎಂಬ ಇನ್ನೊಂದು ಖಾಸಗಿ ಕಂಪನಿಯವು. ಉಡಾವಣಾ ಕಟ್ಟೆ ನಾಸಾದಿಂದ ಗುತ್ತಿಗೆಗೆ ಪಡೆದದ್ದು, ತಲುಪಬೇಕಾದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಹಲವು ದೇಶಗಳ ಸರಕಾರಿ ಸಂಸ್ಥೆಗಳು ಕೂಡಿ ಕಟ್ಟಿ ನಡೆಸುತ್ತಿರುವುದು. ಆ ನಿಲ್ದಾಣದಲ್ಲಿ ಅವರು ಮಾಡಿದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಐಐಟಿ ಸೇರಿ ರೂಪಿಸಿದ, ಹೆಸರುಕಾಳು ಮತ್ತು ಮೆಂತ್ಯ ಮೊಳಕೆಯೊಡೆಯುವ ಬಗೆಯನ್ನು ನೋಡುವ ಪ್ರಯೋಗವೂ ಒಂದು. ಈ ಯಾನವನ್ನು ಸರಕಾರಿ ಎನ್ನುವುದೂ ಖಾಸಗಿ ಎನ್ನುವುದೂ ಸಮಾನವಾಗಿ ಅಪೂರ್ಣ. ಆದರೂ ನಮ್ಮಲ್ಲಿ ಈ ವಿಷಯದ ಚರ್ಚೆ ಬಹುತೇಕ ಎರಡು ಪಕ್ಷಗಳ ಜಗಳದಂತೆ ನಡೆಯುತ್ತದೆ. ಸರಕಾರಿ ಸಂಸ್ಥೆಗಳು ನಿಧಾನ ಮತ್ತು ದುಬಾರಿ, ಕಂಪನಿಗಳು ಚುರುಕು ಮತ್ತು ಅಗ್ಗ ಎನ್ನುವವರು ಒಂದು ಕಡೆ. ದೇಶದ ಸ್ವತ್ತನ್ನು ವ್ಯಾಪಾರಿಗಳಿಗೆ ಒಪ್ಪಿಸಲಾಗುತ್ತಿದೆ ಎನ್ನುವವರು ಇನ್ನೊಂದು ಕಡೆ. ನಿಜವಾದ ಪ್ರಶ್ನೆ ಇವೆರಡರಲ್ಲೂ ಕಾಣಿಸುವುದಿಲ್ಲ.

ಮೊದಲು ಸ್ಪಷ್ಟಪಡಿಸಬೇಕಾದದ್ದು, ರಾಕೆಟ್‌ಗಳನ್ನು ಕಂಪನಿಗಳು ತಯಾರಿಸುವುದು ಹೊಸದೇನಲ್ಲ ಎಂಬುದು. ಅಪೊಲೊ ಯೋಜನೆಯ ಸ್ಯಾಟರ್ನ್ 5 ರಾಕೆಟ್ಟಿನ ಮೂರು ಹಂತಗಳನ್ನು ಬೋಯಿಂಗ್, ನಾರ್ತ್ ಅಮೆರಿಕನ್ ಮತ್ತು ಡಗ್ಲಾಸ್ ಕಂಪನಿಗಳು ಕಟ್ಟಿದವು. ಚಂದ್ರನ ಮೇಲೆ ಇಳಿದ ನೌಕೆಯನ್ನು ಗ್ರಮನ್ ಕಂಪನಿ ಕಟ್ಟಿತು. ಭಾರತದಲ್ಲಿಯೂ ಇಸ್ರೊ ರಾಕೆಟ್ಟುಗಳ ವಿಕಾಸ್ ಎಂಜಿನ್‌ಗಳನ್ನು ಗೋದ್ರೆಜ್, ರಾಕೆಟ್ಟಿನ ಕವಚದ ಭಾಗಗಳನ್ನು ಎಲ್ ಆ್ಯಂಡ್ ಟಿ ಮತ್ತು ಎಚ್‌ಎಎಲ್ ದಶಕಗಳಿಂದ ತಯಾರಿಸುತ್ತ ಬಂದಿವೆ. ಹಾಗಿದ್ದರೆ ಬದಲಾದದ್ದೇನು? ವಿನ್ಯಾಸವನ್ನು ಯಾರು ತೀರ್ಮಾನಿಸುತ್ತಾರೆ, ತಯಾರಾದ ವಾಹನ ಯಾರ ಸ್ವತ್ತು, ಅಂದಾಜಿಗಿಂತ ಖರ್ಚು ಹೆಚ್ಚಾದರೆ ಆ ಹೆಚ್ಚುವರಿ ಹಣ ಯಾರ ಜೇಬಿನಿಂದ ಹೋಗುತ್ತದೆ ಎಂಬುದು ಬದಲಾಯಿತು. ಅಂದರೆ ಬದಲಾವಣೆ ಆದದ್ದು ಕಾರ್ಖಾನೆಯಲ್ಲಿ ಅಲ್ಲ, ಒಪ್ಪಂದದ ಕಾಗದದಲ್ಲಿ.

ಹಳೆಯ ಪದ್ಧತಿಯಲ್ಲಿ ನಾಸಾ ತನಗೆ ಬೇಕಾದುದನ್ನು ತಿರುಪು ಮೊಳೆಯ ಮಟ್ಟದವರೆಗೂ ತಾನೇ ನಿರ್ದೇಶಿಸುತ್ತಿತ್ತು. ಕಂಪನಿ ಮಾಡಿದ ಖರ್ಚನ್ನೆಲ್ಲ ಭರಿಸಿ, ಅದರ ಮೇಲೆ ಒಪ್ಪಿಕೊಂಡಷ್ಟು ಲಾಭವನ್ನು ಕೊಡುತ್ತಿತ್ತು. ಹೊಸ ಪದ್ಧತಿಯಲ್ಲಿ ಅದು ಇಷ್ಟು ಕೆಲಸಕ್ಕೆ ಇಷ್ಟು ಹಣ ಎಂದು ಮೊದಲೇ ನಿಗದಿ ಮಾಡುತ್ತದೆ. ಮನೆ ಕಟ್ಟಿಸುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು: ಸಾಮಾನನ್ನು ತಾವೇ ತರಿಸಿ ಮೇಸ್ತ್ರಿಗೆ ದಿನಗೂಲಿ ಕೊಟ್ಟು ಕಟ್ಟಿಸುವುದು ಒಂದು ಬಗೆ, ಚದರಕ್ಕೆ ಇಷ್ಟು ಎಂದು ಮಾತಾಡಿ ಕೀಲಿಕೈಯನ್ನು ಕೈಗೆ ಪಡೆಯುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಪ್ರತಿ ಇಟ್ಟಿಗೆಯೂ ಮಾಲೀಕನ ಕಣ್ಣಳತೆಯಲ್ಲಿರುತ್ತದೆ, ಕೆಲಸ ತಡವಾದರೆ ನಷ್ಟವೂ ಅವನದೇ; ಎರಡನೆಯದರಲ್ಲಿ ತಡವಾದರೆ ನಷ್ಟ ಗುತ್ತಿಗೆದಾರನದು, ಆದರೆ ಗೋಡೆಯೊಳಗೆ ಏನಿದೆ ಎಂಬುದನ್ನು ಸ್ವಲ್ಪಮಟ್ಟಿಗೆ ನಂಬಲೇಬೇಕಾಗುತ್ತದೆ.

ಹಳೆಯ ಪದ್ಧತಿ ದಡ್ಡತನದಿಂದ ಹುಟ್ಟಿದ್ದಲ್ಲ. ಹಿಂದೆ ಯಾರೂ ಮಾಡದ ಕೆಲಸಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಯಾರಿಗೂ ಹೇಳಲಾಗದು, ಹೇಳಲಾಗದ ಬೆಲೆಗೆ ಯಾವ ಕಂಪನಿಯೂ ಬದ್ಧವಾಗಲಾರದು. 1961ರಲ್ಲಿ ಚಂದ್ರನ ಮೇಲೆ ಇಳಿಯುವ ನೌಕೆಗೆ ನಿಗದಿತ ಬೆಲೆ ಕೇಳಿದ್ದರೆ ಯಾರೂ ಮುಂದೆ ಬರುತ್ತಿರಲಿಲ್ಲ. ತೊಂದರೆ ಶುರುವಾದದ್ದು, ಆ ಕೆಲಸ ಹೊಸದಾಗಿ ಉಳಿಯದಿದ್ದರೂ ಒಪ್ಪಂದದ ರೀತಿ ಮಾತ್ರ ಹಾಗೆಯೇ ಮುಂದುವರಿದಾಗ. ಎಸ್‌ಎಲ್‌ಎಸ್ ಎಂಬ ಬೃಹತ್ ರಾಕೆಟ್ ಇದಕ್ಕೆ ಸ್ಪಷ್ಟ ನಿದರ್ಶನ. ನಾಸಾದ ಹಿಂದಿನ ನೌಕೆ ಸ್ಪೇಸ್ ಷಟಲ್‌ನ ಎಂಜಿನ್‌ಗಳನ್ನೂ ಘನ ಇಂಧನದ ಬೂಸ್ಟರ್‌ಗಳ ವಿನ್ಯಾಸವನ್ನೂ ಮತ್ತೆ ಬಳಸಿಕೊಂಡು, 2016ರ ಕೊನೆಯೊಳಗೆ ಸಿದ್ಧಪಡಿಸಬೇಕೆಂದು ಅಮೆರಿಕದ ಸಂಸತ್ತು 2010ರಲ್ಲಿ ಕಾನೂನು ಮಾಡಿತು. ಅದು ಮೊದಲ ಬಾರಿ ಹಾರಿದ್ದು 2022ರ ನವೆಂಬರ್ 16ರಂದು. ಚಂದ್ರನತ್ತ ಹೋಗುವ ಆರ್ಟೆಮಿಸ್ ಯೋಜನೆಯ ಮೊದಲ ನಾಲ್ಕು ಯಾನಗಳಲ್ಲಿ ರಾಕೆಟ್, ಒರೈಯನ್ ನೌಕೆ ಮತ್ತು ನೆಲದ ವ್ಯವಸ್ಥೆ ಸೇರಿ ಒಂದೊಂದು ಉಡಾವಣೆಗೆ 410 ಕೋಟಿ ಡಾಲರ್ ತಗಲುತ್ತದೆ ಎಂದು ನಾಸಾದ ಸ್ವಂತ ಲೆಕ್ಕಪರಿಶೋಧನಾ ವಿಭಾಗವೇ ಅದೇ ವರ್ಷ ಅಂದಾಜಿಸಿತು. ಖರ್ಚು ಹೆಚ್ಚಿದಷ್ಟೂ ಯಾರಿಗೂ ನಷ್ಟವಾಗದ, ಹಲವು ರಾಜ್ಯಗಳಲ್ಲಿ ಉದ್ಯೋಗ ಹಂಚಿಕೆಯಾಗಿರುವ ಯೋಜನೆಯನ್ನು ಬೇಗ ಮುಗಿಸುವ ತುರ್ತು ಯಾರಿಗೂ ಇರುವುದಿಲ್ಲ.

ಹೊಸ ಪದ್ಧತಿಯ ಪ್ರಯೋಗ 2006ರಲ್ಲಿ ಆರಂಭವಾಯಿತು. 2003ರಲ್ಲಿ ಕೊಲಂಬಿಯಾ ನೌಕೆ ಏಳು ಮಂದಿಯೊಂದಿಗೆ ನಾಶವಾದ ಮೇಲೆ ಷಟಲ್‌ಗಳನ್ನು ನಿಲ್ಲಿಸುವ ತೀರ್ಮಾನವಾಗಿತ್ತು. ನಿಲ್ದಾಣಕ್ಕೆ ಆಹಾರ, ನೀರು, ಉಪಕರಣ ಸಾಗಿಸುವ ಬೇರೆ ದಾರಿ ಅಮೆರಿಕಕ್ಕೆ ಬೇಕಿತ್ತು. ಕಾಟ್ಸ್ ಎಂಬ ಯೋಜನೆಯಲ್ಲಿ ನಾಸಾ ಸ್ಪೇಸ್‌ಎಕ್ಸ್ ಮತ್ತು ರಾಕೆಟ್‌ಪ್ಲೇನ್ ಕಿಸ್ಲರ್ ಎಂಬ ಎರಡು ಕಂಪನಿಗಳನ್ನು ಆರಿಸಿ, ಅಭಿವೃದ್ಧಿಯ ವೆಚ್ಚದ ಒಂದು ಭಾಗವನ್ನಷ್ಟೇ, ಅದೂ ಒಂದೊಂದು ಮೈಲಿಗಲ್ಲು ದಾಟಿದ ಮೇಲೆ, ಕೊಡುವುದಾಗಿ ಹೇಳಿತು. ಉಳಿದ ಹಣವನ್ನು ಕಂಪನಿಗಳೇ ಹೂಡಿಕೆದಾರರಿಂದ ತರಬೇಕಿತ್ತು. ಕಿಸ್ಲರ್‌ಗೆ ಅದು ಸಾಧ್ಯವಾಗಲಿಲ್ಲ. 2007ರಲ್ಲಿ ನಾಸಾ ಆ ಒಪ್ಪಂದವನ್ನು ರದ್ದುಪಡಿಸಿ, ಉಳಿದ ಹಣವನ್ನು ಮುಂದಿನ ವರ್ಷ ಆರ್ಬಿಟಲ್ ಸೈನ್ಸಸ್ ಕಂಪನಿಗೆ ವರ್ಗಾಯಿಸಿತು. ಒಪ್ಪಂದ ರದ್ದಾಗುವ ಹೊತ್ತಿಗೆ ಕಿಸ್ಲರ್‌ಗೆ ಸಂದಿದ್ದು ಸುಮಾರು 3.2 ಕೋಟಿ ಡಾಲರ್ ಮಾತ್ರ. ನನ್ನ ದೃಷ್ಟಿಯಲ್ಲಿ ಆ ಯೋಜನೆಯ ಅತ್ಯಂತ ಮಹತ್ವದ ಘಟನೆ ಇದೇ. ಸರಕಾರಿ ಯೋಜನೆಯೊಂದು ಇಷ್ಟು ಬೇಗ, ಇಷ್ಟು ಕಡಿಮೆ ನಷ್ಟದಲ್ಲಿ ತನ್ನ ಆಯ್ಕೆ ಫಲಿಸಲಿಲ್ಲವೆಂದು ಒಪ್ಪಿಕೊಂಡು ದಾರಿ ಬದಲಿಸಿದ್ದು ಅಪರೂಪ, ಮತ್ತು ಅದು ಸಾಧ್ಯವಾದದ್ದು ಒಪ್ಪಂದದ ರಚನೆಯಿಂದ.

ಸ್ಪೇಸ್‌ಎಕ್ಸ್ ಕೂಡ ಅಂದು ಭದ್ರವಾಗಿರಲಿಲ್ಲ. ಅದರ ಸಣ್ಣ ರಾಕೆಟ್ ಫಾಲ್ಕನ್ 1, 2006ರಿಂದ 2008ರ ಆಗಸ್ಟ್‌ವರೆಗೆ ಮೂರು ಬಾರಿ ಸತತವಾಗಿ ವಿಫಲವಾಯಿತು. 2008ರ ಸೆಪ್ಟೆಂಬರ್ 28ರಂದು ನಾಲ್ಕನೆಯದು ಕಕ್ಷೆ ಸೇರಿತು. ಅದೇ ಡಿಸೆಂಬರ್‌ನಲ್ಲಿ ನಾಸಾ 12 ಸರಕು ಯಾನಗಳಿಗೆ 160 ಕೋಟಿ ಡಾಲರ್‌ಗಳ ಗುತ್ತಿಗೆಯನ್ನು ಅದಕ್ಕೂ, ಎಂಟು ಯಾನಗಳಿಗೆ 190 ಕೋಟಿ ಡಾಲರ್‌ಗಳ ಗುತ್ತಿಗೆಯನ್ನು ಆರ್ಬಿಟಲ್‌ಗೂ ಕೊಟ್ಟಿತು. 2012ರ ಮೇ ತಿಂಗಳಲ್ಲಿ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆ ನಿಲ್ದಾಣ ಮುಟ್ಟಿತು. ಫಾಲ್ಕನ್ 9 ರಾಕೆಟ್ಟಿನ ಅಭಿವೃದ್ಧಿಗೆ ಕಂಪನಿ ಮಾಡಿದ ಖರ್ಚು ಸುಮಾರು 30 ಕೋಟಿ ಡಾಲರ್ ಎಂಬುದನ್ನು ನಾಸಾ 2011ರಲ್ಲಿ ಪರಿಶೀಲಿಸಿ ದೃಢಪಡಿಸಿತು. ಅದೇ ರಾಕೆಟ್ಟನ್ನು ಹಳೆಯ ಪದ್ಧತಿಯಲ್ಲಿ ಮಾಡಿದ್ದರೆ ಸುಮಾರು 400 ಕೋಟಿ ಡಾಲರ್ ಆಗುತ್ತಿತ್ತೆಂದು ನಾಸಾದ್ದೇ ಲೆಕ್ಕಾಚಾರದ ಮಾದರಿ ಹೇಳಿತು. ಮಾದರಿಗಳ ಲೆಕ್ಕವನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ, ಆದರೆ ಇಷ್ಟು ದೊಡ್ಡ ಅಂತರವನ್ನು ಅಲ್ಲಗಳೆಯುವುದೂ ಕಷ್ಟ.

ಈ ಅಂಕಿಗಳನ್ನು ಓದಿದವರು ಸಾಮಾನ್ಯವಾಗಿ ತಲುಪುವ ತೀರ್ಮಾನ, ಖಾಸಗಿಯವರು ಸರಕಾರಕ್ಕಿಂತ ಜಾಣರು ಎಂಬುದು. ಅದು ಅರ್ಧ ಸತ್ಯ. ಡ್ರ್ಯಾಗನ್ ನೌಕೆಯ ಶಾಖ ಕವಚದ ವಸ್ತು, ನಾಸಾದ ಏಮ್ಸ್ ಕೇಂದ್ರ ಅಭಿವೃದ್ಧಿಪಡಿಸಿ ಸ್ಟಾರ್‌ಡಸ್ಟ್ ಯಾನದಲ್ಲಿ ಬಳಸಿದ್ದ ವಸ್ತುವಿನ ಸುಧಾರಿತ ರೂಪ. ಫಾಲ್ಕನ್‌ನ ಮರ್ಲಿನ್ ಎಂಜಿನ್ನಿನಲ್ಲಿ ಇಂಧನವನ್ನು ಸಿಂಪಡಿಸುವ ಕ್ರಮದ ಮೂಲ, ಅಪೊಲೊ ಚಂದ್ರನೌಕೆಯ ಇಳಿಯುವ ಎಂಜಿನ್ನಿನಲ್ಲಿದೆ. ಉಡಾವಣಾ ಕಟ್ಟೆಗಳು, ದೂರಸಂಪರ್ಕ ಜಾಲ, ಪರೀಕ್ಷಾ ಸೌಲಭ್ಯ, ದಶಕಗಳ ವೈಫಲ್ಯಗಳಿಂದ ಕೂಡಿಬಂದ ದಾಖಲೆಗಳು ಎಲ್ಲವೂ ತೆರಿಗೆ ಹಣದಿಂದ ಸಿದ್ಧವಾಗಿದ್ದವು. ಹಾಗೆಂದು ಕಂಪನಿಯ ಸಾಧನೆ ಕಡಿಮೆಯಾಗುವುದಿಲ್ಲ. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9ರ ಮೊದಲ ಹಂತ ಉಪಗ್ರಹಗಳನ್ನು ಕಕ್ಷೆಗೆ ಕಳುಹಿಸುವ ಕೆಲಸ ಮುಗಿಸಿ ನೆಲಕ್ಕೆ ನೆಟ್ಟಗೆ ಇಳಿದದ್ದು, 2017ರ ಮಾರ್ಚ್‌ನಲ್ಲಿ ಒಮ್ಮೆ ಹಾರಿದ ಹಂತ ಮತ್ತೆ ಹಾರಿದ್ದು, ಯಾವ ಸರಕಾರವೂ ಆದೇಶಿಸಿ ಮಾಡಿಸಿದ ಕೆಲಸಗಳಲ್ಲ. ಉಡಾವಣೆಯ ಖರ್ಚು ತನ್ನದೇ ಆದಾಗ ರಾಕೆಟ್ಟನ್ನು ಸಮುದ್ರಕ್ಕೆ ಎಸೆಯುವುದು ಎಷ್ಟು ದುಂದು ಎಂಬುದು ಕಂಪನಿಗೆ ಕಾಣಿಸಿತು. ಸರಕಾರ ಕೂಡಿಟ್ಟ ಜ್ಞಾನ, ಖಚಿತವಾದ ಗಿರಾಕಿ, ನಷ್ಟದ ಭಯ ಈ ಮೂರೂ ಒಟ್ಟಿಗೆ ಇದ್ದಾಗ ಆ ಫಲ ಬಂತು. ಒಂದನ್ನು ತೆಗೆದುಹಾಕಿದರೂ ಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಗದಿತ ಬೆಲೆಯ ಒಪ್ಪಂದವೇ ಯಶಸ್ಸಿಗೆ ಸಾಕು ಎನ್ನುವುದನ್ನು ಬೋಯಿಂಗ್ ಕಂಪನಿಯ ಅನುಭವ ಸುಳ್ಳಾಗಿಸುತ್ತದೆ. ಗಗನಯಾನಿಗಳನ್ನು ನಿಲ್ದಾಣಕ್ಕೆ ಒಯ್ಯುವ ನೌಕೆಗಾಗಿ ನಾಸಾ 2014ರ ಸೆಪ್ಟೆಂಬರ್‌ನಲ್ಲಿ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು. ಆಗ ಹೆಚ್ಚಿನವರ ನಂಬಿಕೆ ಇದ್ದದ್ದು ಅನುಭವಿಯಾದ ಬೋಯಿಂಗ್ ಮೇಲೆ. ಸ್ಪೇಸ್‌ಎಕ್ಸ್ 2020ರ ಮೇ 30ರಂದು ಇಬ್ಬರು ಗಗನಯಾನಿಗಳನ್ನು ಹಾರಿಸಿ, ರಷ್ಯಾದ ಸೊಯುಜ್ ನೌಕೆಯಲ್ಲಿ ಒಂದು ಆಸನಕ್ಕೆ 8 ಕೋಟಿ ಡಾಲರ್‌ಗೂ ಹೆಚ್ಚು ತೆರುತ್ತಿದ್ದ ಅಮೆರಿಕದ ಅವಲಂಬನೆಯನ್ನು ಮುಗಿಸಿತು. ಬೋಯಿಂಗ್‌ನ ಸ್ಟಾರ್‌ಲೈನರ್ 2019ರ ಡಿಸೆಂಬರ್‌ನ ಮಾನವರಹಿತ ಪರೀಕ್ಷೆಯಲ್ಲಿ ಗಡಿಯಾರದ ತಪ್ಪಿನಿಂದ ನಿಲ್ದಾಣವನ್ನೇ ತಲುಪಲಿಲ್ಲ. 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು ಹೊತ್ತು ಹೋದಾಗ ಹೀಲಿಯಂ ಸೋರಿಕೆಯೂ ಸಣ್ಣ ಎಂಜಿನ್‌ಗಳ ದೋಷವೂ ಕಾಣಿಸಿಕೊಂಡು, ನೌಕೆ ಖಾಲಿಯಾಗಿ ಹಿಂದಿರುಗಬೇಕಾಯಿತು. ಅವರಿಬ್ಬರು ಭೂಮಿಗೆ ಬಂದದ್ದು 2025ರ ಮಾರ್ಚ್ 18ರಂದು, ಸ್ಪೇಸ್‌ಎಕ್ಸ್ ನೌಕೆಯಲ್ಲಿ. ಬೋಯಿಂಗ್ ಈ ಯೋಜನೆಯಲ್ಲಿ 150 ಕೋಟಿ ಡಾಲರ್‌ಗಿಂತಲೂ ಹೆಚ್ಚು ನಷ್ಟ ತೋರಿಸಿದೆ. ತೆರಿಗೆದಾರರ ಹಣ ಉಳಿಯಿತು ಎಂಬ ಮಟ್ಟಿಗೆ ಒಪ್ಪಂದ ತನ್ನ ಕೆಲಸ ಮಾಡಿತು, ಆದರೆ ಸುರಕ್ಷಿತ ನೌಕೆಯನ್ನು ಒಪ್ಪಂದ ತಾನಾಗಿ ಹುಟ್ಟಿಸಲಾರದು. ನೌಕೆಯಲ್ಲಿ ಜನರನ್ನು ಹಿಂದಿರುಗಿಸಬಾರದೆಂದು ಕೊನೆಗೆ ನಿರ್ಧರಿಸಿದ್ದು ನಾಸಾ. ಹಾಗೆ ನಿರ್ಧರಿಸಬಲ್ಲಷ್ಟು ತಾಂತ್ರಿಕ ಪರಿಣತಿ ಕೊಳ್ಳುವವನಲ್ಲಿಯೂ ಉಳಿದಿರಬೇಕಾಗುತ್ತದೆ.

ಇಬ್ಬರಿಗೆ ಗುತ್ತಿಗೆ ಕೊಡುವುದು ಅನಗತ್ಯ ಖರ್ಚು ಎಂದು ಆಗಾಗ ಆಕ್ಷೇಪ ಬರುತ್ತದೆ. 2014ರ ಅಕ್ಟೋಬರ್‌ನಲ್ಲಿ ಆರ್ಬಿಟಲ್‌ನ ಆಂಟಾರಿಸ್ ರಾಕೆಟ್ ಉಡಾವಣೆಯಾದ ಕೆಲವೇ ಸೆಕೆಂಡುಗಳಲ್ಲಿ ಸ್ಫೋಟಗೊಂಡಿತು. 2015ರ ಏಪ್ರಿಲ್‌ನಲ್ಲಿ ರಷ್ಯಾದ ಪ್ರೋಗ್ರೆಸ್ ಸರಕು ನೌಕೆ ನಿಯಂತ್ರಣ ತಪ್ಪಿತು. ಜೂನ್‌ನಲ್ಲಿ ಫಾಲ್ಕನ್ 9 ಆಗಸದಲ್ಲಿ ಛಿದ್ರವಾಯಿತು. ಎಂಟು ತಿಂಗಳಲ್ಲಿ ಮೂರು ಸರಕು ಯಾನಗಳು ನಾಶವಾದರೂ ನಿಲ್ದಾಣವನ್ನು ತೆರವುಗೊಳಿಸಬೇಕಾಗಲಿಲ್ಲ, ಏಕೆಂದರೆ ಬೇರೆ ಬೇರೆ ವಿನ್ಯಾಸದ ಹಲವು ವಾಹನಗಳಿದ್ದವು. ಇಂದಿನ ಆತಂಕ ಇರುವುದು ಇಲ್ಲಿಯೇ. 2024ರಲ್ಲಿ 130ಕ್ಕೂ ಹೆಚ್ಚು ಉಡಾವಣೆಗಳನ್ನು ಸ್ಪೇಸ್‌ಎಕ್ಸ್ ಒಂದೇ ನಡೆಸಿತು. ಸರಕಾರದ ಏಕಸ್ವಾಮ್ಯವನ್ನು ಮುರಿಯಲು ಹೊರಟ ದಾರಿ ಒಂದು ಕಂಪನಿಯ ಏಕಸ್ವಾಮ್ಯದಲ್ಲಿ ಕೊನೆಗೊಂಡರೆ, ಕೊಳ್ಳುವವನ ಕೈಯಲ್ಲಿ ಉಳಿಯುವ ಶಕ್ತಿ ಬಹಳ ಕಡಿಮೆ.

ಮಾಹಿತಿಯ ವಿಷಯವೂ ಇದೆ. ಚಾಲೆಂಜರ್ ಮತ್ತು ಕೊಲಂಬಿಯಾ ದುರಂತಗಳ ತನಿಖಾ ವರದಿಗಳು, ನಾಸಾದ ಆಡಳಿತದ ದೋಷಗಳನ್ನೂ ಒಳಗೊಂಡು, ಪೂರ್ಣವಾಗಿ ಪ್ರಕಟವಾದವು. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅವನ್ನು ಓದುತ್ತಾರೆ. 2015ರ ಜೂನ್‌ನ ಫಾಲ್ಕನ್ 9 ಅಪಘಾತದ ತನಿಖೆಯನ್ನು ಕಂಪನಿಯೇ ಮುನ್ನಡೆಸಿತು. ಹೀಲಿಯಂ ತೊಟ್ಟಿಯನ್ನು ಹಿಡಿದಿದ್ದ ಲೋಹದ ಆಧಾರ ಸರಳೊಂದು ಮುರಿದದ್ದು ಕಾರಣವೆಂದು ಅದು ಹೇಳಿತು. ನಾಸಾ ಪ್ರತ್ಯೇಕವಾಗಿ ಪರಿಶೀಲಿಸಿ, ಅಂಥ ಸ್ಥಳದಲ್ಲಿ ಸಾಮಾನ್ಯ ಕೈಗಾರಿಕಾ ದರ್ಜೆಯ ಬಿಡಿಭಾಗವನ್ನು ಸಾಕಷ್ಟು ಪರೀಕ್ಷೆ ಇಲ್ಲದೆ ಬಳಸಿದ್ದು ವಿನ್ಯಾಸದ ದೋಷ ಎಂದು ಅಭಿಪ್ರಾಯಪಟ್ಟಿತು, ಆದರೆ ಅದರ ಸಾರಾಂಶ ಸಾರ್ವಜನಿಕರಿಗೆ ದೊರೆತದ್ದು 2018ರಲ್ಲಿ. ವ್ಯಾಪಾರದ ಗುಟ್ಟು ಎಂಬುದು ನ್ಯಾಯವಾದ ಹಕ್ಕೇ, ಆದರೂ ಒಬ್ಬರ ತಪ್ಪಿನಿಂದ ಎಲ್ಲರೂ ಕಲಿಯುವ ಅವಕಾಶ ಅದರಿಂದ ಕಿರಿದಾಗುತ್ತದೆ.

ಇನ್ನು ಗಿರಾಕಿಯೇ ಇಲ್ಲದ ಕೆಲಸಗಳು. ಗುರುಗ್ರಹದ ಚಂದ್ರರನ್ನು ನೋಡಲು, ಸೂರ್ಯನ ಹೊರ ಆವರಣವಾದ ಕರೋನಾವನ್ನು ಅಳೆಯಲು, ಬ್ರಹ್ಮಾಂಡದ ಮೊದಲ ನಕ್ಷತ್ರಪುಂಜಗಳ ಬೆಳಕನ್ನು ಹಿಡಿಯಲು ಹಣ ಕೊಡುವ ಮಾರುಕಟ್ಟೆ ಇಲ್ಲ; ಅವು ಸರಕಾರದ ಕೆಲಸವಾಗಿಯೇ ಉಳಿಯುತ್ತವೆ. ಚಂದ್ರನ ಮೇಲೆ ಸಣ್ಣ ಉಪಕರಣಗಳನ್ನು ಇಳಿಸುವ ಕೆಲಸವನ್ನು ನಾಸಾ ಕಂಪನಿಗಳಿಗೆ ವಹಿಸಿ ನೋಡುತ್ತಿದೆ: 2024ರ ಜನವರಿಯಲ್ಲಿ ಹೊರಟ ಪೆರೆಗ್ರಿನ್ ಇಂಧನ ಸೋರಿ ಚಂದ್ರನನ್ನು ತಲುಪಲಿಲ್ಲ, ಫೆಬ್ರವರಿಯಲ್ಲಿ ಒಡಿಸಿಯಸ್ ಇಳಿದು ವಾಲಿಕೊಂಡಿತು, 2025ರ ಮಾರ್ಚ್‌ನಲ್ಲಿ ಬ್ಲೂ ಘೋಸ್ಟ್ ನೆಟ್ಟಗೆ ಇಳಿದು ಕೆಲಸ ಮಾಡಿತು. ವೈಫಲ್ಯಗಳು ಬರುತ್ತವೆಂದು ಮೊದಲೇ ಒಪ್ಪಿಕೊಂಡು, ಕಡಿಮೆ ಬೆಲೆಯಲ್ಲಿ ಹಲವು ಪ್ರಯತ್ನಗಳನ್ನು ಕೊಳ್ಳುವ ಕ್ರಮ ಇದು. ಕೋಟ್ಯಂತರ ಡಾಲರ್‌ಗಳ ಒಂದೇ ಒಂದು ದೂರದರ್ಶಕವನ್ನು ಹೀಗೆ ಕಳುಹಿಸಲು ಬರುವುದಿಲ್ಲ.

ಭಾರತದ ಚಿತ್ರ ಬೇರೆ. ಇಲ್ಲಿ ಸರಕಾರಿ ಸಂಸ್ಥೆಯೇ ಅಗ್ಗ ಎಂದು ಹೆಸರಾದದ್ದು. ಚಂದ್ರಯಾನ-3ಕ್ಕೆ ಆದ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಸತೀಶ್ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೊದ ಹೊಣೆ ಹೊತ್ತು ಅದರ ಕೇಂದ್ರ ಕಚೇರಿಯನ್ನು ಬೆಂಗಳೂರಿನಲ್ಲಿ ನೆಲೆಗೊಳಿಸಿದರು. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಆರ್ಯಭಟ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು. ಆ ಮಿತವ್ಯಯದ ಸಂಸ್ಕೃತಿಯ ಬಗ್ಗೆ ನಮಗೆ ಇರುವ ಹೆಮ್ಮೆ ಸರಿಯಾದದ್ದೇ. ಹಾಗಾಗಿ, ಖಾಸಗಿಯವರಿಂದ ಖರ್ಚು ಇಳಿಯುತ್ತದೆ ಎಂಬ ಅಮೆರಿಕದ ವಾದ ಇಲ್ಲಿ ಅಷ್ಟು ಬಲವಾಗಿ ಅನ್ವಯಿಸುವುದಿಲ್ಲ. ಇಲ್ಲಿನ ಸಮಸ್ಯೆ ಸಾಮರ್ಥ್ಯದ್ದು. ಒಂದೇ ಸಂಸ್ಥೆ ಹವಾಮಾನದ ಉಪಗ್ರಹ, ಸಂವಹನದ ಉಪಗ್ರಹ, ಚಂದ್ರಯಾನ, ಗಗನಯಾನ, ಜೊತೆಗೆ ರಾಕೆಟ್‌ಗಳ ದಿನನಿತ್ಯದ ಜೋಡಣೆಯನ್ನೂ ಮಾಡುತ್ತಿದ್ದರೆ ವರ್ಷಕ್ಕೆ ಆಗುವ ಉಡಾವಣೆಗಳ ಸಂಖ್ಯೆ ಬೆರಳೆಣಿಕೆಯನ್ನು ದಾಟುವುದು ಕಷ್ಟ. 2024ರ ನವೆಂಬರ್‌ನಲ್ಲಿ ನಮ್ಮದೇ ಜಿಸ್ಯಾಟ್-ಎನ್2 ಎಂಬ 4,700 ಕಿಲೋ ತೂಕದ ಉಪಗ್ರಹವನ್ನು ಫಾಲ್ಕನ್ 9 ರಾಕೆಟ್ಟಿನಲ್ಲಿ ಕಳುಹಿಸಬೇಕಾಯಿತು. ಅಷ್ಟು ಭಾರವನ್ನು ಅಗತ್ಯವಾದ ಕಕ್ಷೆಗೆ ಒಯ್ಯುವ ಶಕ್ತಿ ನಮ್ಮ ಅತಿ ದೊಡ್ಡ ರಾಕೆಟ್ಟಾದ ಎಲ್‌ವಿಎಂ3ಗೆ ಇರಲಿಲ್ಲ.

2020ರ ಜೂನ್‌ನಲ್ಲಿ ಕೇಂದ್ರ ಸರಕಾರ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯುವುದಾಗಿ ಘೋಷಿಸಿತು. ಅನುಮತಿ ಕೊಡಲು ಅಹಮದಾಬಾದಿನಲ್ಲಿ ಇನ್-ಸ್ಪೇಸ್ ಎಂಬ ಸಂಸ್ಥೆ ಬಂತು. ವ್ಯಾಪಾರಕ್ಕೆ ಅದಕ್ಕೂ ಒಂದು ವರ್ಷ ಮೊದಲೇ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್ ಹುಟ್ಟಿತ್ತು. 2023ರಲ್ಲಿ ಬಾಹ್ಯಾಕಾಶ ನೀತಿ ಪ್ರಕಟವಾಯಿತು. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರ್ 18ರಂದು ವಿಕ್ರಮ್-ಎಸ್ ಎಂಬ ಸಣ್ಣ ರಾಕೆಟ್ಟನ್ನು ಸುಮಾರು 89 ಕಿಲೋಮೀಟರ್ ಎತ್ತರಕ್ಕೆ ಹಾರಿಸಿತು. ಚೆನ್ನೈನ ಅಗ್ನಿಕುಲ್ 3ಡಿ ಮುದ್ರಣದಲ್ಲಿ ಒಂದೇ ತುಂಡಾಗಿ ತಯಾರಿಸಿದ ಎಂಜಿನ್ನಿನ ರಾಕೆಟ್ಟನ್ನು 2024ರ ಮೇ 30ರಂದು ಶ್ರೀಹರಿಕೋಟದಲ್ಲಿನ ತನ್ನದೇ ಕಟ್ಟೆಯಿಂದ ಪರೀಕ್ಷಿಸಿತು. ಬೆಂಗಳೂರಿನ ಪಿಕ್ಸೆಲ್, ಬೆಳೆಗಳ ರೋಗದಿಂದ ಹಿಡಿದು ನೀರಿನ ಮಾಲಿನ್ಯದವರೆಗೆ ಬಣ್ಣಗಳ ಸೂಕ್ಷ್ಮ ಭೇದದಿಂದ ಗುರುತಿಸುವ ಉಪಗ್ರಹಗಳನ್ನು ಕಟ್ಟುತ್ತಿದೆ. ಅದರ ನೇತೃತ್ವದ ಒಕ್ಕೂಟ 2025ರಲ್ಲಿ 12 ಭೂವೀಕ್ಷಣಾ ಉಪಗ್ರಹಗಳನ್ನು ನಿರ್ಮಿಸಿ ನಡೆಸುವ ಹೊಣೆ ಪಡೆಯಿತು. ಐದು ಪಿಎಸ್ಎಲ್‌ವಿಗಳನ್ನು ಇಡಿಯಾಗಿ ಕಟ್ಟಿಕೊಡುವ 860 ಕೋಟಿ ರೂಪಾಯಿಗಳ ಗುತ್ತಿಗೆ 2022ರಲ್ಲಿ ಎಚ್‌ಎಎಲ್ ಮತ್ತು ಎಲ್ ಆ್ಯಂಡ್ ಟಿ ಜೋಡಿಗೆ ಹೋಯಿತು. ಸಣ್ಣ ಉಪಗ್ರಹಗಳ ಎಸ್ಎಸ್ಎಲ್‌ವಿ ರಾಕೆಟ್ಟಿನ ತಂತ್ರಜ್ಞಾನವನ್ನು 2025ರಲ್ಲಿ 511 ಕೋಟಿ ರೂಪಾಯಿ ಬಿಡ್ ಮೂಲಕ ಗೆದ್ದದ್ದು ಕೂಡ ಎಚ್‌ಎಎಲ್. ಇಲ್ಲಿ ಗಮನಿಸಬೇಕಾದದ್ದು, ಎಚ್‌ಎಎಲ್ ಸ್ವತಃ ಸರಕಾರಿ ಉದ್ಯಮ ಎಂಬುದು. ಇಸ್ರೊದ ಹೊರೆ ಇಳಿಯುವುದಕ್ಕೂ ಖಾಸಗೀಕರಣಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಈ ಹೊಸ ಕಂಪನಿಗಳಿಗೆ ಅನುಮತಿ ಸಿಕ್ಕಿದೆ, ಇಸ್ರೊದ ಪರೀಕ್ಷಾ ಸೌಲಭ್ಯಗಳು ಸಿಕ್ಕಿವೆ, 2024ರಲ್ಲಿ ಮಂಜೂರಾದ 1,000 ಕೋಟಿ ರೂಪಾಯಿಗಳ ಬಂಡವಾಳ ನಿಧಿಯೂ ಇದೆ. ಇನ್ನೂ ಸಾಕಷ್ಟು ಸಿಗದಿರುವುದು ಖಚಿತವಾದ ಖರೀದಿ. ಮೂರು ಸೋಲಿನ ನಂತರ ಒಂದೇ ಗೆಲುವು ಕಂಡಿದ್ದ ಕಂಪನಿಗೆ 12 ಯಾನಗಳ ಗುತ್ತಿಗೆ ಕೊಟ್ಟ 2008ರ ನಾಸಾದ ಧೈರ್ಯಕ್ಕೆ ಸಮಾನವಾದದ್ದು ನಮ್ಮಲ್ಲಿ ಉಡಾವಣೆಯ ವಿಷಯದಲ್ಲಿ ಇನ್ನೂ ನಡೆದಿಲ್ಲ. ಕೃಷಿ ಇಲಾಖೆಗಳು, ನೀರಾವರಿ ನಿಗಮಗಳು, ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ಉಪಗ್ರಹ ಚಿತ್ರಗಳನ್ನು ಹಲವು ವರ್ಷಗಳ ಗುತ್ತಿಗೆಯಲ್ಲಿ ಕೊಳ್ಳುವಂತಾದರೆ, ಬಂಡವಾಳ ನಿಧಿಗಿಂತ ಅದು ಈ ಕಂಪನಿಗಳನ್ನು ಹೆಚ್ಚು ಗಟ್ಟಿಗೊಳಿಸುತ್ತದೆ.

ಇಷ್ಟೆಲ್ಲ ಬದಲಾದರೂ ಒಂದು ವಿಷಯ 1967ರಿಂದ ಬದಲಾಗಿಲ್ಲ. ಆ ವರ್ಷದ ಬಾಹ್ಯಾಕಾಶ ಒಡಂಬಡಿಕೆಯ ಆರನೆಯ ವಿಧಿಯ ಪ್ರಕಾರ, ಬಾಹ್ಯಾಕಾಶದಲ್ಲಿ ಖಾಸಗಿಯವರು ಮಾಡುವ ಕೆಲಸಕ್ಕೂ ಅಂತರರಾಷ್ಟ್ರೀಯ ಹೊಣೆ ಆಯಾ ದೇಶದ್ದೇ. ಅನುಮತಿ ಕೊಡುವುದು ಮಾತ್ರವಲ್ಲ, ನಿರಂತರವಾಗಿ ಮೇಲ್ವಿಚಾರಣೆ ಮಾಡುವುದೂ ಸರಕಾರದ ಕರ್ತವ್ಯ. 1972ರ ಹೊಣೆಗಾರಿಕೆ ಒಪ್ಪಂದದಂತೆ, ಉಡಾಯಿಸಿದ ವಸ್ತು ಇನ್ನೊಂದು ದೇಶದ ನೆಲದ ಮೇಲೆ ಬಿದ್ದು ಹಾನಿಯಾದರೆ, ಯಾರ ತಪ್ಪು ಎಂದು ಕೇಳದೆ ಉಡಾಯಿಸಿದ ದೇಶ ಪರಿಹಾರ ಕೊಡಬೇಕು. 1978ರಲ್ಲಿ ಅಣುಶಕ್ತಿಯ ಕಾಸ್ಮೋಸ್ 954 ಉಪಗ್ರಹ ಕೆನಡಾದ ಮೇಲೆ ಬಿದ್ದಾಗ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಾ ಡಾಲರ್ ತೆತ್ತಿತು. ನಾಳೆ ಶ್ರೀಹರಿಕೋಟದಿಂದ ಹಾರಿದ ಖಾಸಗಿ ರಾಕೆಟ್ಟಿನ ತುಣುಕು ಬೇರೆ ದೇಶದಲ್ಲಿ ಬಿದ್ದರೆ ನೋಟಿಸ್ ಬರುವುದು ದೆಹಲಿಗೆ, ಆ ಕಂಪನಿಗಲ್ಲ.

ಅಮೆರಿಕದಲ್ಲಿ ಇದಕ್ಕೆ ಕಾನೂನಿನ ವ್ಯವಸ್ಥೆ ಇದೆ. ಕಂಪನಿ ಗರಿಷ್ಠ 50 ಕೋಟಿ ಡಾಲರ್‌ವರೆಗೆ ಮೂರನೆಯವರ ಹಾನಿಗೆ ವಿಮೆ ಮಾಡಿಸಬೇಕು, ಅದಕ್ಕೂ ಮೇಲ್ಪಟ್ಟ ಹಾನಿಯನ್ನು ಒಂದು ಮಿತಿಯವರೆಗೆ ಸರಕಾರ ಭರಿಸಲು ಅವಕಾಶವಿದೆ. ಭಾರತದಲ್ಲಿ 2017ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಕರಡು ಮಸೂದೆ ಪ್ರಕಟವಾಯಿತಾದರೂ ಅದು ಕಾನೂನಾಗಲಿಲ್ಲ. 2023ರದ್ದು ನೀತಿಯೇ ಹೊರತು ಶಾಸನವಲ್ಲ, ಇನ್-ಸ್ಪೇಸ್ ಅನುಮತಿ ಕೊಡುತ್ತಿರುವುದು ಆ ನೀತಿಯ ಬಲದ ಮೇಲೆ. ಕಂಪನಿಯ ಹೊಣೆ ಎಲ್ಲಿಗೆ ನಿಲ್ಲುತ್ತದೆ, ಸರಕಾರದ್ದು ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಶಾಸನವೊಂದು ರೂಪಾಯಿಗಳ ಲೆಕ್ಕದಲ್ಲಿ ಬರೆದಿಡುವವರೆಗೆ, ವಿಮೆ ಮಾಡುವವನಿಗೆ ಕಂತು ಎಷ್ಟೆಂದು ಹೇಳುವುದೂ, ಹೂಡಿಕೆ ಮಾಡುವವನಿಗೆ ತನ್ನ ನಷ್ಟದ ಮಿತಿಯನ್ನು ಅಳೆಯುವುದೂ ಕಷ್ಟವಾಗಿಯೇ ಇರುತ್ತದೆ.